ಗಂಡು ನೊಣಕ್ಕೊಂದು ಹೆಸರು

ಜಗಳೂರು
8 ಜುಲೈ 2025

ಅಂಜಿನಮ್ಮನವರಿಗೆ ನಮಸ್ಕಾರ.

ನಾನು ಸಂಧ್ಯಾರಾಣಿ, ಜಗಳೂರಿನ ನೊಣ ಸಾಕುವ ಘಟಕದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಮಹಿಳಾ ಸಂಘದವರ ಹಾಗಲ, ಹೀರೆ ಹೊಲಗಳಿಗೆ ಈ ಹಂಗಾಮು ಪೂರ್ತಿ ಡಬ್ಬಿ ಕಳಿಸುವ ಜವಾಬ್ದಾರಿ ನನ್ನದು. ಸಂಘದವರು ಕೊಟ್ಟ ಮೊಬೈಲ್ ನಂಬರಿಗೆ ಮೆಸೇಜ್ ಹಾಕಿದ್ದೆ, ಉತ್ತರ ಬರಲಿಲ್ಲ. ಅದು ನಿಮ್ಮ ಮಗ ಮೈಲಾರಿಯವರ ಫೋನಂತೆ, ಅವರು ಟ್ರ್ಯಾಕ್ಟರ್ ಮೇಲಿದ್ದಾಗ ನೋಡುವುದಿಲ್ಲವಂತೆ. ಹಾಗಾಗಿ ಕಾಗದವೇ ವಾಸಿ ಎಂದು ಮುಚ್ಚಳದ ಒಳಗೆ ಅಂಟಿಸಿದ್ದೇನೆ.

ಡಬ್ಬಿಯಲ್ಲಿ ಗೋಧಿ ಕಾಳಿನಂತೆ ಕಾಣುವುದು ನೊಣದ ಕೋಶ. ನಿಮ್ಮ ಹಾಗಲಕಾಯಿಗೆ ಚುಚ್ಚಿ ಮೊಟ್ಟೆಯಿಟ್ಟು ಕೊಳೆಸುವ ನೊಣವೇ ಇದು, ಆದರೆ ಬರೀ ಗಂಡು. ಕೋಶದ ಬಣ್ಣ ನೋಡಿ ಗಂಡನ್ನು ಬೇರೆ ಮಾಡಿ ಅದಕ್ಕೆ ವಿಕಿರಣ ಹಾಯಿಸಿದ್ದೇವೆ. ಈ ಗಂಡು ಹೊಲದ ಹೆಣ್ಣು ನೊಣದ ಜೊತೆ ಕೂಡಿದರೆ ಹೆಣ್ಣು ಮೊಟ್ಟೆ ಇಡುತ್ತದೆ, ಮೊಟ್ಟೆಯಿಂದ ಹುಳು ಹೊರಬರುವುದಿಲ್ಲ. ವಾರವಾರ ಬಿಡುತ್ತಾ ಹೋದರೆ ನೊಣದ ಸಂತತಿ ತಾನಾಗಿ ಇಳಿಯುತ್ತದೆ. ಇವನ್ನು ಮುಟ್ಟಿದರೆ ಯಾವ ಅಪಾಯವೂ ಇಲ್ಲ. ಎಕ್ಸ್‌ರೇ ತೆಗೆಸಿಕೊಂಡು ಬಂದವರನ್ನು ಮುಟ್ಟಿದರೆ ನಮಗೇನಾದರೂ ಆಗುತ್ತದೆಯೇ, ಇದೂ ಹಾಗೆಯೇ.

ಇರುವೆ ಮುತ್ತದಂತೆ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿಡಿ. ನೊಣ ಹೊರಬಂದ ಮೇಲೆ ಬೆಳಗಿನ ತಂಪಿನಲ್ಲಿ ಹೊಲದಲ್ಲಿ ಬಿಡಿ. ಮೈಮೇಲಿನ ಗುಲಾಬಿ ಪುಡಿ ನಮ್ಮ ನೊಣದ ಗುರುತು, ಅದನ್ನು ನೋಡಿ ಗಾಬರಿ ಬೇಡ. ಕೊಳೆತ ಕಾಯಿ ಹೊಲದಲ್ಲಿ ಬಿಡದೆ ಹೂಳಿರಿ, ಔಷಧಿ ಹೊಡೆಯಬೇಡಿ. ವಿವರ ಕರಪತ್ರದಲ್ಲಿದೆ. ಖಾಲಿ ಡಬ್ಬಿ ಬಸ್ಸಿಗೆ ಹಾಕುವಾಗ ಹೇಗಾಯಿತೆಂದು ನಾಲ್ಕು ಸಾಲು ಬರೆದಿಡಿ.

ಇತಿ,
ಸಂಧ್ಯಾರಾಣಿ


ಸೂರಗೊಂಡನಕೊಪ್ಪದ ಹತ್ತಿರ, ನ್ಯಾಮತಿ ತಾಲ್ಲೂಕು
13 ಜುಲೈ 2025

ಮೇಡಂ ಅವರಿಗೆ ಅಂಜಿನಮ್ಮ ಮಾಡುವ ನಮಸ್ಕಾರ.

ಮಾತು ನನ್ನದು, ಅಕ್ಷರ ನನ್ನ ಸೊಸೆ ಧನುಶ್ರೀಯದು. ನನಗೆ ಓದು ಬರಹ ಇಲ್ಲ. ಅವಳು ಚನ್ನಗಿರಿಯಲ್ಲಿ ಪಿಯುಸಿ ಮಾಡಿದವಳು. ನಾನು ಹೇಳಿದ್ದನ್ನೆಲ್ಲ ತಿದ್ದಿ ಪುಸ್ತಕದ ಕನ್ನಡ ಮಾಡಿ ಬರೆಯುತ್ತಾಳೆ. ತಿರುಗಿ ಓದಿಸಿ ಕೇಳಿದರೆ ನನ್ನ ಮಾತೇ ಹಬ್ಬದ ಸೀರೆ ಉಟ್ಟುಕೊಂಡು ಬಂದಂತೆ ಇರುತ್ತದೆ.

ಡಬ್ಬಿ ನ್ಯಾಮತಿ ಬಸ್‌ಸ್ಟ್ಯಾಂಡಿಗೆ ಸರಿಯಾಗಿ ಬಂತು. ನೊಣವೂ ಚೆನ್ನಾಗಿ ಹೊರಬಂದವು. ಬಿಡುವ ಹೊತ್ತಿಗೆ ತಕರಾರು ಶುರುವಾಯಿತು. ನಿಮ್ಮ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ "ಬಂಜೆ ಗಂಡು ನೊಣ" ಎಂದು ಅಚ್ಚು ಹಾಕಿಸಿದ್ದೀರಿ. ಸಂಘದ ಚೌಡೇಶ್ವರಿ ಅದನ್ನು ಗಟ್ಟಿಯಾಗಿ ಓದಿದಳು. ಎಲ್ಲರೂ ಮೊದಲು ನಕ್ಕರು. ಗಂಡಿಗೆ ಯಾರಾದರೂ ಬಂಜೆ ಅನ್ನುತ್ತಾರೆಯೇ, ಇದನ್ನು ಬರೆದವರಿಗೆ ಗಂಡು ಯಾವುದು ಹೆಣ್ಣು ಯಾವುದು ಗೊತ್ತಿಲ್ಲ ಎಂದು ಆಡಿಕೊಂಡರು. ನಕ್ಕು ಮುಗಿದ ಮೇಲೆ ಹಿಂದೆ ಸರಿದರು. ಹೂ ಬಿಟ್ಟು ಫಲ ಕಟ್ಟುವ ಹೊಲಕ್ಕೆ ಬಂಜೆಯನ್ನು ನಮ್ಮ ಕೈಯಿಂದ ಬಿಡುವುದಿಲ್ಲ, ಮಕ್ಕಳೊಂದಿಗರು ನಾವು ಎಂದರು.

ನಾನೇ ಒಂದು ದಾರಿ ಮಾಡಿದೆ. ನನ್ನ ಸೊಸೆ ನಮ್ಮ ಮನೆಗೆ ಬಂದು ಆರು ವರ್ಷವಾಯಿತು, ಹೊಟ್ಟೆ ತುಂಬಲಿಲ್ಲ. "ಬಂಜೆ ನೊಣ ಬಂಜೆ ಕೈಲೇ ಹಾರ್ಲಿ ಬಿಡ್ರೇ" ಅಂದೆ. ಎಲ್ಲರೂ ಒಪ್ಪಿದರು. ಈಗ ಎಲ್ಲರ ಹೊಲದಲ್ಲೂ ಅವಳೇ ಬಿಡುತ್ತಾಳೆ. ಈ ಸಾಲಿಗೆ ಬಂದು ಪೆನ್ನು ನಿಲ್ಲಿಸಿದ್ದಾಳೆ. "ನಾ ಹೇಳಿದಂಗೆ ಬರಿ" ಅಂದಿದ್ದೇನೆ.

ನಮ್ಮ ಮನೆಯಲ್ಲಿ ಮುಚ್ಚುಮರೆ ಇಲ್ಲ. ಮೈಲಾರಿಗೆ ಹೊನ್ನಾಳಿ ಕಡೆಯ ಒಂದು ಹೆಣ್ಣು ನೋಡಿದ್ದೇವೆ. ಭೂಮಿ ಹುಣ್ಣಿಮೆ ಕಳೆದ ಮೇಲೆ ಇವಳು ಬಿಡುಗಡೆ ಕಾಗದಕ್ಕೆ ಸಹಿ ಹಾಕಿ ಚನ್ನಗಿರಿಗೆ, ತವರಿಗೆ ಹೋಗುವುದೆಂದು ಹಿರಿಯರ ಮುಂದೆ ಮಾತಾಗಿದೆ. ಅವಳು ಒಳ್ಳೆಯವಳೇ, ಬೈಯುವಂಥದ್ದು ಏನೂ ಇಲ್ಲ. ಆದರೆ ಮನೆ ಅಂದ ಮೇಲೆ ಒಂದು ಕೂಸು ಬೇಡವೇ. ಅಲ್ಲಿಯವರೆಗೆ ನೊಣದ ಕೆಲಸ ಅವಳೇ ನೋಡಿಕೊಳ್ಳುತ್ತಾಳೆ.

ಇಂತಿ,
ಅಂಜಿನಮ್ಮನ ಹೆಬ್ಬೆಟ್ಟು


ಜಗಳೂರು
16 ಜುಲೈ 2025

ಅಂಜಿನಮ್ಮನವರಿಗೆ,

ಎರಡನೇ ಡಬ್ಬಿ ಕಳಿಸಿದ್ದೇನೆ. ಕರಪತ್ರದ ಪದ ತಪ್ಪಾಗಿದೆ. ಬದಲಿಸಬೇಕೆಂದು ಮೇಲಿನವರಿಗೆ ಬರೆದಿದ್ದೇನೆ. ಡಬ್ಬಿಯ ಜೊತೆ ಹೊಲದ ವಿಷಯ ಬರೆದರೆ ಸಾಕು, ಮನೆಯ ವಿಷಯ ನನಗೆ ತಿಳಿಸುವ ಅಗತ್ಯವಿಲ್ಲ.

ಸಂಧ್ಯಾರಾಣಿ


ಸೂರಗೊಂಡನಕೊಪ್ಪದ ಹತ್ತಿರ
30 ಜುಲೈ 2025

ಮೇಡಂ ಅವರಿಗೆ ಅಂಜಿನಮ್ಮನ ನಮಸ್ಕಾರ.

ನಿಮ್ಮ ಪತ್ರ ಓದಿಸಿದೆ. ನೀವು ಸಿಟ್ಟಾಗಿದ್ದೀರಿ. ಕರಪತ್ರವನ್ನು ನೀವೇ ಬರೆದಿದ್ದಿರೆಂದು ಕಾಣುತ್ತದೆ, ನಾವು ನಕ್ಕಿದ್ದು ನಿಮಗೆ ನಾಟಿದೆ. ಓದಿದವರಿಗೆ ತಪ್ಪು ತೋರಿಸಿದರೆ ಹೀಗೇ ಆಗುತ್ತದೆ, ಇರಲಿ ಬಿಡಿ. ನಾವು ಹಳ್ಳಿಯವರು, ಮನೆ ಹೊಲ ಬೇರೆ ಬೇರೆ ಮಾಡಿ ಮಾತಾಡಲು ಬರುವುದಿಲ್ಲ.

ಹೊಲದ ವಿಷಯವನ್ನೇ ಹೇಳುತ್ತೇನೆ. ಕಾಯಿಗೆ ಚುಚ್ಚುವುದು ನಿಂತಿಲ್ಲ. ನಮ್ಮ ಹಾಗಲದಲ್ಲೂ ಚೌಡೇಶ್ವರಿಯ ಹೀರೆಯಲ್ಲೂ ಚುಚ್ಚಿದ ಗುರುತು ಕಾಣುತ್ತದೆ. ಸಂಘದವರು ನನ್ನ ಮುಖ ನೋಡುತ್ತಾರೆ. ಔಷಧಿ ಹೊಡೆಯಬೇಡ ಅಂದಿದ್ದೀರಿ, ಸುಮ್ಮನೆ ಕೂತಿದ್ದೇವೆ. ಬೆಳೆ ಹೋದರೆ ನಿಮ್ಮ ಡಬ್ಬಿ ನೆಕ್ಕಲು ಆಗುತ್ತದೆಯೇ. ನೊಣ ಹಳಸಿದ್ದರೆ ಹಳಸಿದೆ ಎಂದು ಹೇಳಿ.

ಇಂತಿ,
ಅಂಜಿನಮ್ಮ

(ಅತ್ತೆ ಮೇಕೆಗೆ ಸೊಪ್ಪು ಹಾಕಲು ಎದ್ದು ಹೋದರು. ಇದು ನನ್ನ ಪ್ರಶ್ನೆ, ಮೇಡಂ. ನಾನೇ ಬಿಡುವುದರಿಂದ ದಿನಾ ನೋಡುತ್ತೇನೆ. ಈ ಗಂಡು ನೊಣ ಚುರುಕಾಗಿವೆ, ಸಂಜೆ ಎಲೆಯ ಅಡಿಯಲ್ಲಿ ಹೆಣ್ಣಿನ ಜೊತೆ ಕೂಡುತ್ತವೆ. ಅವಕ್ಕೆ ಯಾವ ಕುಂದೂ ಇದ್ದಂತೆ ಕಾಣುವುದಿಲ್ಲ. ಹಾಗಿದ್ದ ಮೇಲೆ ಅದರಲ್ಲಿ ಫಲ ಇಲ್ಲವೆಂದು ನಿಮಗೆ ಹೇಗೆ ತಿಳಿಯುತ್ತದೆ? ನೋಡಿದರೆ ಗೊತ್ತಾಗುತ್ತದೆಯೇ? — ಧನುಶ್ರೀ)


ಜಗಳೂರು
4 ಆಗಸ್ಟ್ 2025

ಅಂಜಿನಮ್ಮನವರಿಗೆ ನಮಸ್ಕಾರ.

ಕರಪತ್ರ ಬರೆದವಳು ನಾನಲ್ಲ. ನೊಣ ಹಳಸಿಲ್ಲ. ಪ್ರತಿ ಸಲವೂ ಕಳಿಸುವ ಮೊದಲು ಅವುಗಳ ಹಾರಾಟ ನೋಡಿಯೇ ಕಳಿಸುತ್ತೇವೆ.

ಚುಚ್ಚಿದ ಗುರುತು ಕಂಡ ಮಾತ್ರಕ್ಕೆ ಕಾಯಿ ಹೋಯಿತೆಂದು ತಿಳಿಯಬೇಡಿ. ಹೆಣ್ಣು ನೊಣ ಇನ್ನೂ ಇದೆ, ಮೊಟ್ಟೆ ಇಡಲು ಚುಚ್ಚಿಯೇ ಚುಚ್ಚುತ್ತದೆ. ಒಳಗೆ ಹುಳು ಆಗಿದೆಯೇ ಎಂಬುದು ಮುಖ್ಯ. ಗುರುತಿದ್ದ ಕಾಯಿಗಳನ್ನು ನಾಲ್ಕೈದು ದಿನ ಬಿಟ್ಟು ಸೀಳಿ ನೋಡಿ, ನನಗೂ ಬರೆಯಿರಿ.

ಧನುಶ್ರೀಯವರೇ, ನಿಮ್ಮ ಪ್ರಶ್ನೆ ಒಳ್ಳೆಯದು, ತರಬೇತಿಯಲ್ಲೂ ಇದನ್ನು ಯಾರೂ ಕೇಳುವುದಿಲ್ಲ. ನೊಣದ ಗುಣಮಟ್ಟದ ಬಗ್ಗೆ ನಿಮಗೆ ಅನುಮಾನ ಬಂದಿದ್ದರೆ ಅದು ಸಹಜ. ನೋಡಿದರೆ ಖಂಡಿತ ಗೊತ್ತಾಗುವುದಿಲ್ಲ. ಗಂಡು ಸೊರಗಿರಬಾರದು, ಹೊಲದ ಗಂಡಿನಷ್ಟೇ ಬಲವಾಗಿರಬೇಕು, ಹೆಣ್ಣು ಅದನ್ನು ಒಪ್ಪಬೇಕು, ಕೂಡಬೇಕು. ಇಷ್ಟೂ ಸರಿಯಿದ್ದು ಮೊಟ್ಟೆ ಮಾತ್ರ ಒಡೆಯುವುದಿಲ್ಲ. ಹೆಣ್ಣಿನಲ್ಲಿ ಯಾವ ದೋಷವೂ ಇರುವುದಿಲ್ಲ. ಅದರ ಪಾಲಿನ ಕೆಲಸವನ್ನು ಅದು ಪೂರ್ತಿ ಮಾಡಿರುತ್ತದೆ. ಗಂಡನ್ನು ಪರೀಕ್ಷೆ ಮಾಡದೆ ಇದನ್ನು ಯಾರೂ ಹೇಳಲಾರರು. ಆದ್ದರಿಂದ ನೊಣ ಚುರುಕಾಗಿ ಕಾಣುತ್ತವೆ ಎಂದರೆ ನಮ್ಮ ಕೆಲಸ ಸರಿಯಾಗಿದೆ ಎಂದೇ ಅರ್ಥ.

ಇತಿ,
ಸಂಧ್ಯಾರಾಣಿ


ಸೂರಗೊಂಡನಕೊಪ್ಪದ ಹತ್ತಿರ
20 ಆಗಸ್ಟ್ 2025

ಮೇಡಂ ಅವರಿಗೆ ಅಂಜಿನಮ್ಮನ ನಮಸ್ಕಾರ.

ನೀವು ಹೇಳಿದಂತೆ ಕಾಯಿ ಸೀಳಿದೆವು. ಸಂಘದವರನ್ನೆಲ್ಲ ಕರೆದು ನಮ್ಮ ಜಗುಲಿಯ ಮೇಲೆ ಈಳಿಗೆಮಣೆ ಇಟ್ಟುಕೊಂಡು ಕೂತೆ. ಒಂದೆರಡರಲ್ಲಿ ಹುಳು ಇತ್ತು. ಉಳಿದವು ಒಳಗೆ ಸ್ವಚ್ಛ. ಚುಚ್ಚಿದಲ್ಲಿ ಸಣ್ಣ ಗಂಟು ಕಟ್ಟಿದೆ, ಅಷ್ಟೇ. ಚೌಡೇಶ್ವರಿ ಒಂದು ಕಾಯಿಯನ್ನು ಮೂಸಿ ನೋಡಿ, ಅದನ್ನೇ ಸಂಜೆ ಪಲ್ಯಕ್ಕೆ ಒಯ್ದಳು. ಈಗ ತಾವೂ ನೊಣ ಬಿಡುತ್ತೇವೆ ಎಂದು ಎಲ್ಲರೂ ಡಬ್ಬಿಗೆ ಕೈ ಹಾಕುತ್ತಾರೆ. ಮೊದಲು ಬೇಡವೆಂದವರು ನೀವೇ ಅಲ್ಲವೇ, ನನ್ನ ಸೊಸೆಯೇ ಬಿಡಲಿ ಎಂದೆ.

ಹಳಸಿದೆ ಎಂದು ಬರೆಸಿದ್ದಕ್ಕೆ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಬೇಡಿ.

ಇನ್ನೊಂದು ಮಾತು. ನಿಮ್ಮ ಪತ್ರ ಓದುವಾಗ ಸೊಸೆ ಒಂದು ಕಡೆ ದನಿ ಏರಿಸಿ ಓದಿದಳು. ಹೆಣ್ಣಿನಲ್ಲಿ ದೋಷ ಇರುವುದಿಲ್ಲ, ಗಂಡನ್ನು ಪರೀಕ್ಷೆ ಮಾಡದೆ ಹೇಳಲಾಗದು ಎಂಬಲ್ಲಿ. ಓದಿ ಮುಗಿಸಿ ಪತ್ರ ಮಡಚಲಿಲ್ಲ, ನನ್ನನ್ನೇ ನೋಡುತ್ತಾ ಕೂತಳು. ನಾನು ಕಿವುಡಿಯಲ್ಲ. "ಮನುಷ್ಯರು ನೊಣ ಅಲ್ಲ ಕಣೆ" ಅಂದೆ. ಅವಳು ಕೊಡ ಎತ್ತಿಕೊಂಡು ನೀರಿಗೆ ಹೋದಳು.

ಅವಳಿಗೆ ತೋರಿಸದ ಡಾಕ್ಟರಿಲ್ಲ. ಚನ್ನಗಿರಿ, ಹೊನ್ನಾಳಿ, ದಾವಣಗೆರೆ ಎಲ್ಲ ಆಯಿತು. ಏನೂ ತೊಂದರೆ ಇಲ್ಲ ಎಂದೇ ಎಲ್ಲರೂ ಹೇಳಿದರು. ತೊಂದರೆ ಇಲ್ಲದಿದ್ದರೆ ಮಕ್ಕಳು ಯಾಕೆ ಆಗುವುದಿಲ್ಲ, ಡಾಕ್ಟರಿಗೆ ತಿಳಿದಿಲ್ಲ ಎಂದು ದೇವರು ಕೇಳಿಸಿದೆವು. ಮೈಲಾರಿಯನ್ನು ತೋರಿಸು ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ಅವನು ಜೋಳದ ಚೀಲವನ್ನು ಒಂದೇ ಏಟಿಗೆ ಟ್ರ್ಯಾಲಿಗೆ ಎಸೆಯುವವನು. ಹೊನ್ನಾಳಿಯವರು ಗೌರಿ ಹಬ್ಬ ಕಳೆದ ಮೇಲೆ ಮನೆ ನೋಡಲು ಬರುತ್ತಾರೆ. ಇದನ್ನು ನಿಮಗೆ ಯಾಕೆ ಬರೆಸುತ್ತಿದ್ದೇನೆಂದು ನನಗೇ ಗೊತ್ತಿಲ್ಲ. ಮನೆ ವಿಷಯ ಬೇಡ ಅಂದಿದ್ದಿರಿ.

ಇಂತಿ,
ಅಂಜಿನಮ್ಮ


ಜಗಳೂರು
25 ಆಗಸ್ಟ್ 2025

ಅಂಜಿನಮ್ಮನವರಿಗೆ ನಮಸ್ಕಾರ.

ಕಾಯಿ ಒಳಗೆ ಸ್ವಚ್ಛವಿದೆಯೆಂದು ಓದಿ ತುಂಬಾ ಸಂತೋಷವಾಯಿತು. ಘಟಕದಲ್ಲಿ ಎಲ್ಲರಿಗೂ ನಿಮ್ಮ ಪತ್ರ ತೋರಿಸಿದೆ, ಹೊಲದ ಭಾಗ ಮಾತ್ರ. ಹೂ ಮುಗಿಯುವವರೆಗೆ ಡಬ್ಬಿ ತಪ್ಪಿಸುವುದಿಲ್ಲ. ಮನೆ ವಿಷಯ ಬೇಡ ಎಂದು ಬರೆದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಅದಕ್ಕೆ ನನ್ನದೇ ಕಾರಣವಿತ್ತು, ಕರಪತ್ರವಲ್ಲ.

ಇತಿ,
ಸಂಧ್ಯಾರಾಣಿ

(ಎರಡನೇ ಹಾಳೆ)

ಧನುಶ್ರೀ, ಇದು ನಿನಗೆ ಮಾತ್ರ. ಅತ್ತೆಗೆ ಓದಬೇಡ.

ನೀನು ಕೇಳಿದ್ದು ನೊಣದ ವಿಷಯವಲ್ಲ ಎಂದು ನನಗೆ ಈಗ ತಿಳಿಯಿತು. ತರಬೇತಿಯ ಪಾಠ ಒಪ್ಪಿಸಿಬಿಟ್ಟೆ. ಆದರೂ ಬರೆದದ್ದರಲ್ಲಿ ಬದಲಿಸುವಂಥದ್ದು ಒಂದಕ್ಷರವೂ ಇಲ್ಲ.

ನಾನೂ ನಿಮ್ಮ ಚನ್ನಗಿರಿಯವಳೇ. ಕೆರೆಬಿಳಚಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಅತ್ತೆಯ ಮನೆಯಲ್ಲಿ ನನ್ನನ್ನು ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಸೀಮಂತಕ್ಕೆ ಕರೆಯುತ್ತಿರಲಿಲ್ಲ, ಕರೆದರೂ ಆರತಿ ತಟ್ಟೆ ಕೈಗೆ ಕೊಡುತ್ತಿರಲಿಲ್ಲ. ಎಲ್ಲರೂ ಎಷ್ಟು ನಯವಾಗಿ ಮಾತಾಡುತ್ತಿದ್ದರೆಂದರೆ, ತಪ್ಪು ನನ್ನದೇ ಎಂದು ನಾನೇ ಒಪ್ಪಿಕೊಂಡೆ. ತೋರಿಸಿದ ಕಡೆ ಸಹಿ ಹಾಕಿ ಬಂದೆ. ಗಂಡನ ಪರೀಕ್ಷೆ ಆಗಿದೆಯೇ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಆಮೇಲೆ ಹೊಟ್ಟೆಪಾಡಿಗೆ ಸೇರಿದ್ದು ಈ ಕೆಲಸ. ಗಂಡನ್ನು ಹೀಗೂ ಮಾಡಬಹುದು, ನೋಡಿದರೆ ತಿಳಿಯುವುದಿಲ್ಲ ಎಂದು ಮೊದಲ ದಿನ ಹೇಳಿಕೊಟ್ಟಾಗ ನನಗೆ ನಾನು ಸಹಿ ಹಾಕಿದ ಕಾಗದವೇ ನೆನಪಾಯಿತು. ನನ್ನ ಗಂಡ ಮತ್ತೆ ಮದುವೆಯಾದರು. ಆ ಮನೆಯಲ್ಲಿ ಇವತ್ತಿಗೂ ತೊಟ್ಟಿಲು ಕಟ್ಟಿಲ್ಲ. ಕೇಳಿದಾಗ ಮೊದಲು ನನಗೆ ಖುಷಿಯಾಯಿತು. ಆಮೇಲೆ ಆ ಹುಡುಗಿಗೂ ಈಗ ಆರತಿ ತಟ್ಟೆ ಕೊಡುತ್ತಿರಲಾರರು ಎಂದು ಹೊಳೆದು ಅಳು ಬಂತು.

ನೀನು ಇರಬೇಕೋ ಹೋಗಬೇಕೋ ನಾನು ಹೇಳುವುದಿಲ್ಲ. ಪರೀಕ್ಷೆಯಾಗದೆ ಸಹಿ ಮಾತ್ರ ಹಾಕಬೇಡ.

— ಸಂಧ್ಯಕ್ಕ


ಸೂರಗೊಂಡನಕೊಪ್ಪದ ಹತ್ತಿರ
3 ಸೆಪ್ಟೆಂಬರ್ 2025

ಮೇಡಂ ಅವರಿಗೆ,

ಮುಚ್ಚಳದಿಂದ ಕಾಗದ ಬಿಡಿಸಿದವಳು ನಾನು. ಹಾಳೆ ಎರಡಿತ್ತು, ಇವಳು ಓದಿದ್ದು ಒಂದು. ಅಕ್ಷರ ಬರದಿದ್ದರೇನು, ಹಾಳೆ ಎಣಿಸುವುದು ನನಗೆ ಬರುತ್ತದೆ. ಇನ್ನೊಂದು ಎಲ್ಲಿ ಎಂದೆ. ಕುಪ್ಪಸದಿಂದ ತೆಗೆದಳು. ಓದು ಎಂದೆ. ನೀವು ಬೇಡ ಎಂದಿದ್ದ ಸಾಲನ್ನೂ ಸೇರಿಸಿ ಪೂರ್ತಿ ಓದಿದಳು, ದನಿ ಒಂದಿಷ್ಟೂ ನಡುಗಲಿಲ್ಲ.

ಇವತ್ತಿನದನ್ನು ಬರೆಯುವುದಿಲ್ಲ ಎಂದಳು. ಬರೆಯಲೇಬೇಕು ಎಂದು ಕೂರಿಸಿದ್ದೇನೆ.

ನನ್ನ ಮನೆಯ ಸೊಸೆಗೆ ಸಹಿ ಹಾಕಬೇಡ ಎನ್ನಲು ನೀವು ಯಾರು? ನಿಮಗೆ ಆದದ್ದು ಕೇಳಿ ಸಂಕಟವಾಯಿತು, ಅದು ಬೇರೆ. ಹಾಗೆಂದು ನನ್ನ ಮಗನನ್ನು ನಿಮ್ಮ ಡಬ್ಬಿಯ ನೊಣದ ಸಾಲಿನಲ್ಲಿ ನಿಲ್ಲಿಸುತ್ತೀರಾ? ನೀವು ಅವನ ಮುಖವನ್ನೂ ನೋಡಿಲ್ಲ. ಇನ್ನು ಮೇಲೆ ಡಬ್ಬಿ ಕಳಿಸಿ, ಕಾಗದ ಬೇಡ.

ಅಂಜಿನಮ್ಮ


ಜಗಳೂರು
22 ಸೆಪ್ಟೆಂಬರ್ 2025

ಅಂಜಿನಮ್ಮನವರಿಗೆ,

ಕಾಗದ ಬೇಡ ಎಂದಿದ್ದಿರಿ. ಮೂರು ವಾರ ಡಬ್ಬಿ ಮಾತ್ರ ಕಳಿಸಿದೆ, ನಿಮ್ಮಿಂದಲೂ ಖಾಲಿ ಡಬ್ಬಿ ಮಾತ್ರ ಬಂತು. ಇವತ್ತು ಕೆಲಸದ ಮಾತಿದೆ, ಅದಕ್ಕೆ ಬರೆಯುತ್ತಿದ್ದೇನೆ. ಹೊಸ ಕರಪತ್ರ ಅಚ್ಚಿಗೆ ಹೋಗಬೇಕು. "ಬಂಜೆ" ತೆಗೆಯಲು ಒಪ್ಪಿದ್ದಾರೆ. ಅದರ ಜಾಗಕ್ಕೆ ಏನು ಹಾಕಬೇಕೆಂದು ಇಲ್ಲಿ ಯಾರಿಗೂ ಹೊಳೆಯುತ್ತಿಲ್ಲ. ದಪ್ಪ ಪುಸ್ತಕದ ಪದ ಹಾಕಿದರೆ ನಿಮ್ಮ ಸಂಘದವರು ಮತ್ತೆ ನಗುತ್ತಾರೆ. ಅಂಥ ಗಂಡಿಗೆ ನಿಮ್ಮಲ್ಲಿ ಏನಾದರೂ ಮಾತಿದ್ದರೆ ತಿಳಿಸಿ.

ಆ ಹಾಳೆಯನ್ನು ನಿಮ್ಮಿಂದ ಮುಚ್ಚಿಟ್ಟು ಬರೆಯಬಾರದಿತ್ತು, ಅದಕ್ಕೆ ಕ್ಷಮಿಸಿ. ಬರೆದ ಮಾತನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.

ಸಂಧ್ಯಾರಾಣಿ


ಸೂರಗೊಂಡನಕೊಪ್ಪದ ಹತ್ತಿರ
10 ಅಕ್ಟೋಬರ್ 2025

ಸಂಧ್ಯವ್ವನಿಗೆ ಅಂಜಿನಮ್ಮ ಮಾಡುವ ನಮಸ್ಕಾರ.

ನನಗೆ ಕಾಗದ ಬೇಡ ಅಂದವಳೂ ನಾನೇ, ಈಗ ಉದ್ದ ಕಾಗದ ಬರೆಸುವವಳೂ ನಾನೇ. ಕೇಳವ್ವ.

ನಿಮ್ಮ ಎರಡನೇ ಹಾಳೆ ಓದಿಸಿದ ದಿನದಿಂದ ನನಗೆ ಹೊನ್ನಾಳಿ ಹುಡುಗಿಯದೇ ಯೋಚನೆ ಹತ್ತಿತು. ಮನೆ ನೋಡಲು ಬಂದವರ ಜೊತೆ ಅವಳೂ ಬಂದಿದ್ದಳು. ಚಿಕ್ಕ ವಯಸ್ಸು, ನಮ್ಮ ಮೇಕೆಮರಿ ಎತ್ತಿಕೊಂಡು ಆಡಿಸಿದಳು. ನಾಳೆ ಇವಳಿಗೂ ಆಗದಿದ್ದರೆ ಇವಳ ಕೈಯಿಂದಲೂ ಆರತಿ ತಟ್ಟೆ ಕಿತ್ತುಕೊಳ್ಳುವವಳು ನಾನೇ ತಾನೇ ಎಂದುಕೊಂಡೆ.

ಮೈಲಾರಿಗೆ ನೇರವಾಗಿ ಹೇಳಿದರೆ ಬರುವ ಆಸಾಮಿಯಲ್ಲ. ಹೆಣ್ಣಿನ ಕಡೆಯವರು ಡಾಕ್ಟರ ಚೀಟಿ ಕೇಳಿದ್ದಾರೆ, ಈಗಿನ ಕಾಲದಲ್ಲಿ ಎಲ್ಲರೂ ಕೇಳುತ್ತಾರಂತೆ ಎಂದು ಸುಳ್ಳು ಹೇಳಿದೆ. ಮದುವೆಯ ಹುಮ್ಮಸ್ಸಿನಲ್ಲಿ ಬಂದ. ಶಿವಮೊಗ್ಗಕ್ಕೆ ಹಾಗಲಕಾಯಿ ಹಾಕಿಕೊಂಡು ಹೋಗಿ, ಮಾರ್ಕೆಟ್ಟು ಮುಗಿಸಿ ಆಸ್ಪತ್ರೆಗೆ ಹೋದೆವು. ಪರೀಕ್ಷೆ ಎರಡು ಸಲ ಮಾಡಿದರು. ಡಾಕ್ಟರಮ್ಮ ನನ್ನನ್ನೂ ಒಳಗೆ ಕೂರಿಸಿ ಹೇಳಿದರು. ಆಳು ಗಟ್ಟಿಮುಟ್ಟಾಗಿದ್ದಾನೆ, ಯಾವ ಕಾಯಿಲೆಯೂ ಇಲ್ಲ, ಬೀಜ ಮಾತ್ರ ಇಲ್ಲ. ದೊಡ್ಡ ಊರಿನಲ್ಲಿ ಇನ್ನೂ ಒಂದು ಪರೀಕ್ಷೆ ಇದೆಯಂತೆ, ಭರವಸೆ ಕೊಡಲಾಗದು ಎಂದರು. ನೀವು ಪತ್ರದಲ್ಲಿ ಬರೆದದ್ದನ್ನೇ ಅವರೂ ಓದಿದಂತೆ ಇತ್ತು.

ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಅತ್ತ. ಅವನೂ ನನ್ನ ಹೊಟ್ಟೆಯಲ್ಲಿ ಹುಟ್ಟಿದವನೇ. ಊರಲ್ಲಿ ಯಾರಾದರೂ ಅವನಿಗೆ ಒಂದು ಮಾತು ಅಂದರೆ ನಾನು ಸುಮ್ಮನಿರುವವಳಲ್ಲ. ಆಮೇಲೆ ಯೋಚಿಸಿದೆ, ಇವಳಿಗೆ ಆರು ವರ್ಷ ಅಂದರಲ್ಲ, ಆಗ ನಾನು ಸುಮ್ಮನಿರಲಿಲ್ಲ, ಮೊದಲು ಅಂದವಳೇ ನಾನು.

ಹೊನ್ನಾಳಿಗೆ ನಾನೇ ಹೋಗಿ ಹೇಳಿ ಬಂದೆ. ಬೇರೆ ನೆಪ ಹೇಳಬಹುದಿತ್ತು. ಹಾಗೆ ಹೇಳಿದರೆ ಅವರು ಮತ್ತೆ ಸೊಸೆಯನ್ನೇ ಆಡಿಕೊಳ್ಳುತ್ತಾರೆ. "ಕಾಳು ನಮ್ದೇ ಜೊಳ್ಳು ಐತೆ, ಅದನ್ನ ಬಿತ್ತಿ ನಿಮ್ಮ ಹೊಲಕ್ಕೆ ಬಂಜರು ಅನ್ನಾಕೆ ನನಗೆ ಮನಸಿಲ್ಲ" ಅಂದೆ. ಹುಡುಗಿಯ ತಾಯಿ ನನ್ನ ಕೈ ಹಿಡಿದುಕೊಂಡಳು, ಕಾಫಿ ಕುಡಿಸಿಯೇ ಕಳಿಸಿದಳು.

ನೀವು ಕೇಳಿದ ಮಾತು ನನಗೆ ಅಲ್ಲೇ ಸಿಕ್ಕಿತು. ಕರಪತ್ರಕ್ಕೆ "ಜೊಳ್ಳು ಗಂಡು" ಎಂದು ಹಾಕಿ. ಜೊಳ್ಳು ಹೊರಗಿನಿಂದ ಗಟ್ಟಿ ಕಾಳಿನ ಹಾಗೇ ಇರುತ್ತದೆ, ತೂರಿ ನೋಡದೆ ತಿಳಿಯುವುದಿಲ್ಲ. ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಂಘದಲ್ಲಿ ಹೇಳಿದೆ, ಒಬ್ಬರೂ ನಗಲಿಲ್ಲ.

ಮೊನ್ನೆ ಭೂಮಿ ಹುಣ್ಣಿಮೆ. ಬಸುರಿ ಭೂಮಿಗೆ ಉಡಿ ತುಂಬಿ ಎಡೆ ಇಡುವ ಹಬ್ಬ, ಮಕ್ಕಳೊಂದಿಗರೇ ಮಾಡುವುದು ನಮ್ಮಲ್ಲಿ ಮೊದಲಿನಿಂದ ರೂಢಿ. ಈ ಸಲ ಉಡಿ ತುಂಬಲು ಇವಳನ್ನು ಕರೆದೆ. ಬರಲಿಲ್ಲ. "ಅತ್ತೆ, ನಂದು ಏನೂ ತಪ್ಪಿಲ್ಲ ಅಂತ ಚೀಟಿ ಬಂದ ಮ್ಯಾಗೆ ಕರೀತಿದೀರಿ. ಚೀಟಿ ಇಲ್ಲದಿದ್ರೂ ಕರೀಬೇಕಿತ್ತು" ಅಂದಳು. ನಾನೊಬ್ಬಳೇ ಹೋಗಿ ಎಡೆ ಇಟ್ಟು ಬಂದೆ.

ಸಹಿಯ ಕಾಗದವನ್ನು ಹಿರಿಯರಿಗೆ ವಾಪಸ್ ಕೊಟ್ಟಿದ್ದೇನೆ. ಇರುವುದು ಹೋಗುವುದು ನಿನ್ನ ಇಷ್ಟ ಎಂದು ಇವಳಿಗೆ ಹೇಳಿದ್ದೇನೆ. ಹಾಗಲ ಮುಗಿಯಲಿ, ಯೋಚನೆ ಮಾಡುತ್ತೇನೆ ಎಂದಿದ್ದಾಳೆ. ಗಂಡ ಹೆಂಡತಿ ರಾತ್ರಿ ಏನೋ ಮಾತಾಡಿಕೊಳ್ಳುತ್ತಾರೆ, ನಾನು ಕಿವಿ ಕೊಡುವುದಿಲ್ಲ. ಬಳ್ಳಿಯಲ್ಲಿ ಇನ್ನೂ ಕಾಯಿ ಇದೆ, ಡಬ್ಬಿ ನಿಲ್ಲಿಸಬೇಡಿ.

ಕೊನೆಗೆ ಒಂದು ಸಾಲು ಬರಿ ಎಂದಿದ್ದೇನೆ. ಯಾರಿಗೆ, ಸಂಧ್ಯಕ್ಕನಿಗಾ ಎಂದು ಕೇಳುತ್ತಿದ್ದಾಳೆ. ಅಲ್ಲ, ಬರೆಯುವವಳಿಗೆ.

ತೆಪ್ಪಾತು ಕಣವ್ವ ನಂದು. ಬಂಜೆ ಅಂದೆ ನಿಂಗೆ, ಅನಬಾರ್ದಿತ್ತು.

ಇಂತಿ,
ಅಂಜಿನಮ್ಮನ ಹೆಬ್ಬೆಟ್ಟು

(ಸಂಧ್ಯಕ್ಕ, ಅತ್ತೆ ಇಲ್ಲೇ ಕೂತಿದ್ದಾರೆ, ಇದನ್ನೂ ಅವರಿಗೆ ಓದಿ ಹೇಳುತ್ತೇನೆ. ಅವರು ಹೇಳಿದ್ದನ್ನೆಲ್ಲ ಯಾವಾಗಲೂ ತಿದ್ದಿ ಬರೆಯುತ್ತಿದ್ದೆ. ಆ ಕೊನೆಯ ಸಾಲನ್ನು ಹೇಳಿದಂತೆಯೇ ಬರೆದಿದ್ದೇನೆ, ತಿದ್ದಿಲ್ಲ. — ಧನುಶ್ರೀ)